ಮನೆಯ ಸಂಜೆಯೂ ಟೆಲಿವಿಷನ್ನೂ

(ನಮ್ಮ ದೇವಾಲಯದ ಶತಮಾನೋತ್ಸವದ ಅಂಗವಾಗಿ ಏರ್ಪಡಿಸಿದ್ದ ಕುಟುಂಬ ದಿನದಂದು ಮಾಡಿದ ಭಾಷಣ)



‘ಕ್ರೈಸ್ತ ಕುಟುಂಬದಲ್ಲಿ ಟೆಲಿವಿಷನ್ನಿನ ಸ್ಥಾನ’ ಎಂಬ ವಿಷಯವಾಗಿ ನಾಲ್ಕು ಮಾತುಗಳನ್ನಾಡಬೇಕೆಂದು ಉತ್ಸವ ಸಮಿತಿಯವರು ನಮಗೆ ಅಪ್ಪಣೆ ಮಾಡಿದ್ದಾರೆ. ಅವರ ವಿಶ್ವಾಸಕ್ಕೆ ನಾವು ಋಣಿಗಳು. ಆದರೆ ಒಂದು ಮಾತನ್ನು ಮೊದಲೇ ಅರಿಕೆ ಮಾಡಿಕೊಳ್ಳುತ್ತೇವೆ. ಈ ವಿಷಯವನ್ನು ಕುರಿತು ಮಾತನಾಡುವವರು ಸಾಮಾನ್ಯವಾಗಿ ಟೆಲಿವಿಷನ್ನನ್ನು ಸೈತಾನನ ಪೆಟ್ಟಿಗೆಯೆಂದು ಜರಿದು, ಸಭಿಕರ ಚಪ್ಪಾಳೆ ಪಡೆದು, ಮನೆಗೆ ಹೋಗಿ ಅದರ ಮುಂದೆಯೇ ಕುಳಿತು ಊಟ ಮಾಡುತ್ತಾರೆ. ನಮ್ಮ ಮನೆಯಲ್ಲಿಯೂ ಒಂದು ಟೆಲಿವಿಷನ್ ಇದೆ. ಅದನ್ನು ಬಾವಿಗೆ ಹಾಕಿರೆಂದು ಹೇಳಲು ನಾವು ಇಲ್ಲಿ ನಿಂತಿಲ್ಲ. ಅದಕ್ಕೆ ಮನೆಯಲ್ಲಿ ಯಾವ ಜಾಗ, ಯಾವ ಹೊತ್ತು ಸಲ್ಲಬೇಕು, ಯಾವುದು ಸಲ್ಲಬಾರದು ಎಂಬುದಿಷ್ಟೇ ನಮ್ಮ ವಿಚಾರ. ಇದನ್ನು ನಾವು ಪುಸ್ತಕ ಓದಿ ಕಲಿತದ್ದಕ್ಕಿಂತ ನಮ್ಮ ತಪ್ಪಿನಿಂದ ಕಲಿತದ್ದೇ ಹೆಚ್ಚು. ಆ ತಪ್ಪನ್ನೂ ಇಂದು ನಿಮ್ಮ ಮುಂದೆ ಹೇಳಿಕೊಳ್ಳಬೇಕಾಗಿದೆ.

ನಮ್ಮ ದೇಶದಲ್ಲಿ ಟೆಲಿವಿಷನ್ ಪ್ರಸಾರ ಆರಂಭವಾದದ್ದು 1959ರ ಸೆಪ್ಟೆಂಬರ್ 15ರಂದು, ದೆಹಲಿಯಲ್ಲಿ, ಕೇವಲ ಪ್ರಯೋಗವಾಗಿ. ಕರ್ನಾಟಕದ ಹಳ್ಳಿಗರು ಅದನ್ನು ಮೊದಲು ಕಂಡದ್ದು 1975ರ ಆಗಸ್ಟ್ ತಿಂಗಳಿನಿಂದ ಒಂದು ವರ್ಷ ನಡೆದ ಉಪಗ್ರಹ ಪ್ರಯೋಗದ ಕಾಲದಲ್ಲಿ. ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಆಕಾಶದಿಂದ ಚಿತ್ರಗಳು ಇಳಿದು ಬಂದವು. ನಮ್ಮ ರಾಯಚೂರು, ಗುಲ್ಬರ್ಗಾ, ಬಿಜಾಪುರ ಜಿಲ್ಲೆಗಳ ಹಳ್ಳಿಗಳೂ ಅವುಗಳಲ್ಲಿದ್ದವು. ಶಾಲೆಯ ಅಂಗಳದಲ್ಲಿ ಇಲ್ಲವೇ ಪಂಚಾಯಿತಿಯ ಮುಂದೆ ಒಂದು ಪೆಟ್ಟಿಗೆ. ಅದರ ಮುಂದೆ ಊರಿಗೆ ಊರೇ ನೆಲದ ಮೇಲೆ ಕುಳಿತು ಬೇಸಾಯದ ಮಾತು, ಆರೋಗ್ಯದ ಮಾತು ಕೇಳುತ್ತಿದ್ದಿತು. ಎಂದರೆ ಆರಂಭದಲ್ಲಿ ಅದು ಊರಿನ ಸೊತ್ತಾಗಿದ್ದಿತೇ ಹೊರತು ಮನೆಯ ಸೊತ್ತಾಗಿರಲಿಲ್ಲ ಎಂಬುದನ್ನು ಗಮನಿಸಬೇಕು. 1981ರಲ್ಲಿ ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಬಂದಿತು. 1982ರಲ್ಲಿ ಬಣ್ಣ ಬಂದಿತು. 1984ರ ಸುಮಾರಿಗೆ ದೇಶದ ಸಣ್ಣಪುಟ್ಟ ಪಟ್ಟಣಗಳಲ್ಲೆಲ್ಲ ಮರುಪ್ರಸಾರದ ಕಂಬಗಳು ಒಂದರ ಹಿಂದೊಂದು ಎದ್ದು ನಿಂತವು. ಅಲ್ಲಿಂದ ಮುಂದೆ ಪೆಟ್ಟಿಗೆಯು ಅಂಗಳದಿಂದ ಜಗಲಿಗೆ, ಜಗಲಿಯಿಂದ ನಡುಮನೆಗೆ ಬರಲು ಹೆಚ್ಚು ಕಾಲ ಹಿಡಿಯಲಿಲ್ಲ.

ಆ ಮೊದಲ ದಿನಗಳ ಸಂಭ್ರಮವನ್ನು ಇಲ್ಲಿ ಕುಳಿತಿರುವ ಹಿರಿಯರು ಮರೆತಿರಲಾರರು. ಛಾವಣಿಯ ಮೇಲೆ ಮೀನಿನ ಮುಳ್ಳಿನಂತಹ ಆಂಟೆನಾ. ಗಾಳಿ ಬೀಸಿದರೆ ಚಿತ್ರ ಮಾಯ. ಒಬ್ಬ ಮೇಲೆ ಹತ್ತಿ ಅದನ್ನು ತಿರುಗಿಸುವುದು, ಇನ್ನೊಬ್ಬ ಕಿಟಕಿಯಿಂದ ‘ಬಂತು, ಬಂತು, ಹೋಯ್ತು’ ಎಂದು ಕೂಗುವುದು. ಅಂದಿನ ಪೆಟ್ಟಿಗೆಗಳಿಗೆ ಮರದ ಬಾಗಿಲುಗಳಿರುತ್ತಿದ್ದವು. ಎರಡು ಕಡೆಯಿಂದ ಎಳೆದು ಮುಚ್ಚಿ ಕೆಲವರು ಬೀಗವನ್ನೂ ಹಾಕುತ್ತಿದ್ದರು. ಮೇಲೆ ಕಸೂತಿ ಹಾಕಿದ ಬಟ್ಟೆ ಹೊದಿಸುತ್ತಿದ್ದರು. ಆ ಬಾಗಿಲುಗಳ ವಿಷಯವನ್ನು ನಾವು ಆಗಾಗ ನೆನೆಯುತ್ತೇವೆ. ಅವು ಧೂಳಿಗಾಗಿ ಇಟ್ಟವೇ ಇರಬಹುದು. ಆದರೂ ಮುಚ್ಚಬಹುದಾದ ವಸ್ತುವೊಂದು ಮನೆಗೆ ಬಂದಿದೆ ಎಂಬ ಭಾವನೆಯನ್ನು ಅವು ಹುಟ್ಟಿಸುತ್ತಿದ್ದವು. ಇಂದು ಗೋಡೆಯ ಮೇಲಿರುವ ಗಾಜಿನ ಹಲಗೆಗೆ ಬಾಗಿಲಿಲ್ಲ.

ನಮ್ಮ ಪವಿತ್ರ ಧರ್ಮಸಭೆಯು ಈ ಯಂತ್ರವನ್ನು ಎಂದೂ ಶತ್ರುವೆಂದು ಕಂಡಿಲ್ಲ. ಇಟಲಿಯಲ್ಲಿ ಕ್ರಮಬದ್ಧ ಪ್ರಸಾರ ಆರಂಭವಾದದ್ದು 1954ರ ಜನವರಿ 3ರಂದು. ಅದಕ್ಕೆ ಎರಡು ದಿನ ಮೊದಲೇ ಜಗದ್ಗುರು ಹನ್ನೆರಡನೆಯ ಭಕ್ತಿನಾಥರು, ಎಂದರೆ ಹನ್ನೆರಡನೆಯ ಪಿಯುಸ್‌ರವರು, ಇಟಲಿಯ ಧರ್ಮಾಧ್ಯಕ್ಷರಿಗೆ ಟೆಲಿವಿಷನ್ನಿನ ಬಗ್ಗೆಯೇ ಒಂದು ಪತ್ರ ಬರೆದರು. ಮನೆಮಂದಿಯನ್ನೆಲ್ಲ ಒಂದೆಡೆ ಕೂರಿಸಿ ನಿರ್ದೋಷವಾದ ಮನರಂಜನೆ ನೀಡಬಲ್ಲ ಸಾಧನವೆಂದು ಅವರು ಅದನ್ನು ಮೆಚ್ಚಿಕೊಂಡರು. ಅದರೊಡನೆಯೇ, ಇದು ಬೀದಿಯಲ್ಲಿ ನಿಲ್ಲದೆ ಮನೆಯೆಂಬ ಗರ್ಭಗುಡಿಗೇ ನುಗ್ಗುವಂಥದೆಂದು ಎಚ್ಚರಿಸಿದರು. 1963ರ ಡಿಸೆಂಬರ್ 4ರಂದು ದ್ವಿತೀಯ ವ್ಯಾಟಿಕನ್ ಮಹಾಸಭೆಯು ಸಾಮಾಜಿಕ ಸಂಪರ್ಕ ಸಾಧನಗಳ ಬಗ್ಗೆ ಹೊರಡಿಸಿದ ಆಜ್ಞಾಪತ್ರದಲ್ಲಿಯೂ ಇದೇ ಸಮತೂಕವಿದೆ: ಸಾಧನಗಳಿಗಾಗಿ ದೇವರಿಗೆ ವಂದನೆ, ಬಳಸುವವರಿಗೆ ಮಿತಿಯ ಬೋಧೆ, ತಂದೆತಾಯಿಗಳಿಗೆ ಕಾವಲಿನ ಕರ್ತವ್ಯ.

ಟೆಲಿವಿಷನ್ನಿಗೆ ಒಬ್ಬ ಪಾಲಕ ಸಂತರೂ ಇದ್ದಾರೆಂದರೆ ಮಕ್ಕಳಿಗೆ ಆಶ್ಚರ್ಯವಾಗಬಹುದು. ಅಸ್ಸಿಸಿಯ ಸಂತ ಕ್ಲಾರಾ ಅವರೇ ಆ ಸಂತರು. 1958ರಲ್ಲಿ ಅದೇ ಜಗದ್ಗುರುಗಳು ಅವರನ್ನು ಹಾಗೆ ಘೋಷಿಸಿದರು. 1253ರಲ್ಲಿ ತೀರಿಕೊಂಡ ಆ ಪುಣ್ಯವತಿಗೂ ಟೆಲಿವಿಷನ್ನಿಗೂ ಏನು ಸಂಬಂಧ? ಒಂದು ಕ್ರಿಸ್ಮಸ್ ರಾತ್ರಿ ಅವರು ಕಾಯಿಲೆಯಿಂದ ಹಾಸಿಗೆ ಹಿಡಿದಿದ್ದರು. ಉಳಿದ ಭಗಿನಿಯರೆಲ್ಲ ದೇವಾಲಯಕ್ಕೆ ಹೋಗಿದ್ದರು. ತನ್ನ ಕೋಣೆಯಲ್ಲಿ ಒಬ್ಬಂಟಿಯಾಗಿ ಮಲಗಿದ್ದ ಅವರಿಗೆ ದೂರದ ದೇವಾಲಯದ ಪೂಜೆಯೂ ಹಾಡುಗಳೂ ಕಂಡು ಕೇಳಿದವೆಂದು ಅವರ ಚರಿತ್ರೆ ಹೇಳುತ್ತದೆ. ಇಲ್ಲಿ ಒಂದು ಸೂಕ್ಷ್ಮವಿದೆ. ಆ ವರ ದೊರೆತದ್ದು ಎದ್ದು ಹೋಗಲಾರದವರಿಗೆ. ಎದ್ದು ಹೋಗಬಲ್ಲವರು ಎದ್ದು ಹೋಗಿದ್ದರು.

ಈ ಸೂಕ್ಷ್ಮದ ಅರ್ಥ ನಮಗೆ ಚೆನ್ನಾಗಿ ತಿಳಿದದ್ದು 2020ರಲ್ಲಿ. ಮಹಾಮಾರಿಯ ಕಾರಣದಿಂದ ನಮ್ಮ ದೇವಾಲಯದ ಬಾಗಿಲು ಮುಚ್ಚಿದ್ದಿತು. ಆ ವರ್ಷದ ಮಾರ್ಚ್ 27ರ ಸಂಜೆ ಮಳೆ ಬೀಳುತ್ತಿದ್ದ ಸಂತ ಪೇತ್ರರ ಚೌಕದಲ್ಲಿ, ಒಬ್ಬರೂ ಭಕ್ತರಿಲ್ಲದ ಆ ಬಯಲಿನಲ್ಲಿ, ಜಗದ್ಗುರು ಫ್ರಾನ್ಸಿಸ್‌ರವರು ಲೋಕಕ್ಕೆಲ್ಲ ಆಶೀರ್ವಾದ ನೀಡಿದಾಗ ಅದನ್ನು ಕಂಡು ಕಣ್ಣೀರಿಡದ ಮನೆ ನಮ್ಮಲ್ಲಿ ಎಷ್ಟಿದ್ದಿತು? ಅಂದು ಟೆಲಿವಿಷನ್ ಪೀಠವಾಯಿತು. ಅದಕ್ಕೆ ಮೊದಲು 1997ರಲ್ಲಿ ಮದರ್ ತೆರೇಸಾರವರ ಅಂತ್ಯಕ್ರಿಯೆಯನ್ನೂ, 2005ರಲ್ಲಿ ಜಗದ್ಗುರು ಎರಡನೆಯ ಜಾನ್ ಪಾಲ್‌ರವರ ಅಂತ್ಯಕ್ರಿಯೆಯನ್ನೂ ನಾವು ಕಂಡದ್ದು ಈ ಪೆಟ್ಟಿಗೆಯಲ್ಲಿಯೇ. ಈ ಉಪಕಾರವನ್ನು ನಾವು ಮರೆಯಲಾಗದು. ಆದರೆ ದೇವಾಲಯದ ಬಾಗಿಲು ತೆರೆದು ವರ್ಷಗಳೇ ಕಳೆದ ಮೇಲೂ, ಕೈಕಾಲು ಗಟ್ಟಿಯಾಗಿರುವ ಕೆಲವರು ಕುರ್ಚಿಯಲ್ಲಿ ಒರಗಿ, ಕಾಫಿ ಹೀರುತ್ತ, ಭಾನುವಾರದ ಪೂಜೆಯನ್ನು ‘ನೋಡುತ್ತಿದ್ದಾರೆ’. ಹಾಸಿಗೆ ಹಿಡಿದವರಿಗೆ ಅದು ಔಷಧಿ. ಅದು ಅವರಿಗೇ ಇರಲಿ.

ಹಾಗಾದರೆ ಟೆಲಿವಿಷನ್ನಿನಿಂದ ನಮಗಾದ ನಷ್ಟವೇನು? ಅಶ್ಲೀಲ ದೃಶ್ಯಗಳು, ಹೊಡೆದಾಟ, ಅತ್ತೆಸೊಸೆಯರ ಕುತಂತ್ರ ಎಂದು ಬಹಳ ಮಂದಿ ಹೇಳುತ್ತಾರೆ. ಅದು ನಿಜವೇ. ಆದರೆ ನಮ್ಮ ಅನುಭವದಲ್ಲಿ ಮುಖ್ಯವಾದ ನಷ್ಟ ಅದಲ್ಲ. ಕೆಟ್ಟದ್ದನ್ನು ತೋರಿಸದೆ ಕೇವಲ ಒಳ್ಳೆಯದನ್ನೇ ತೋರಿಸಿದ್ದರೂ ಆ ನಷ್ಟ ನಮಗೆ ಆಗಿಯೇ ಆಗುತ್ತಿದ್ದಿತು. ಅದು ಏನನ್ನು ತಂದಿತು ಎಂಬುದಕ್ಕಿಂತ ಯಾವ ಗಳಿಗೆಯನ್ನು ತೆಗೆದುಕೊಂಡಿತು ಎಂಬುದನ್ನು ವಿಚಾರಿಸಬೇಕು.

ಆ ಗಳಿಗೆ ಹೇಗಿದ್ದಿತೆಂಬುದನ್ನು ಇಂದಿನ ಮಕ್ಕಳಿಗಾಗಿ ಸ್ವಲ್ಪ ಹೇಳುತ್ತೇವೆ. ಮುಸ್ಸಂಜೆ ದೇವಾಲಯದ ಪ್ರಾರ್ಥನಾ ಗಂಟೆ ಕೇಳಿಸಿದೊಡನೆ ಬೀದಿಯಲ್ಲಿ ಆಡುತ್ತಿದ್ದ ನಾವು ಎಲ್ಲಿದ್ದರೂ ನಿಂತು ಶಿಲುಬೆಯ ಗುರುತು ಹಾಕಿಕೊಳ್ಳುತ್ತಿದ್ದೆವು. ಆ ಬಳಿಕ ಕೈಕಾಲು ತೊಳೆದು ಒಳಗೆ ಬರಬೇಕು. ನಡುಮನೆಯಲ್ಲಿ ಯೇಸುವಿನ ಪವಿತ್ರ ಹೃದಯದ ಪಟ. ಅದರ ಮುಂದೆ ಮೊದಲು ಎಣ್ಣೆಯ ದೀಪ, ಕರೆಂಟು ಬಂದ ಮೇಲೆ ಸಣ್ಣ ಕೆಂಪು ಬಲ್ಬು. ಚಾಪೆ ಹಾಸಿ ಎಲ್ಲರೂ ಮಂಡಿಯೂರುತ್ತಿದ್ದೆವು. ತಂದೆಯವರು ರಹಸ್ಯವನ್ನು ಹೇಳಿ ಜಪಸರ ಆರಂಭಿಸುವರು. ಒಲೆಯ ಮೇಲೆ ಸಾರು ಕುದಿಯುತ್ತಿದ್ದುದರಿಂದ ತಾಯಿಯವರು ಅಡುಗೆಮನೆಯ ಹೊಸ್ತಿಲಲ್ಲಿ ಕುಳಿತು ಒಂದು ಕಣ್ಣನ್ನು ಪಟದ ಮೇಲೂ ಒಂದು ಕಣ್ಣನ್ನು ಒಲೆಯ ಮೇಲೂ ಇಡುತ್ತಿದ್ದರು. ಎಲ್ಲರೂ ಭಕ್ತಿಪರವಶರಾಗಿ ಜಪಿಸುತ್ತಿದ್ದೆವೆಂದು ಹೇಳಿದರೆ ಸುಳ್ಳಾದೀತು. ಮೂರನೆಯ ರಹಸ್ಯಕ್ಕೆ ನಮ್ಮ ತಮ್ಮ ತೂಕಡಿಸುತ್ತಿದ್ದ; ನಾವು ಅವನನ್ನು ಚಿವುಟುತ್ತಿದ್ದೆವು; ತಂದೆಯವರು ‘ನಮೋ ಮರಿಯಾ’ ನಿಲ್ಲಿಸದೆಯೇ ನಮ್ಮ ಕಡೆ ಒಮ್ಮೆ ನೋಡುತ್ತಿದ್ದರು. ಆ ನೋಟವೇ ಸಾಕಾಗಿದ್ದಿತು.

ಜಪಕ್ಕಿಂತಲೂ ಜಪ ಮುಗಿದ ಮೇಲಿನ ಕಾಲು ಗಂಟೆಯ ಬೆಲೆ ನಮಗೆ ಈಗ ತಿಳಿಯುತ್ತಿದೆ. ಕಿರಿಯರಾದವರೆಲ್ಲ ಎದ್ದು ಹಿರಿಯರ ಮುಂದೆ ಒಬ್ಬೊಬ್ಬರಾಗಿ ಕೈಜೋಡಿಸಿ ಆಶೀರ್ವಾದ ಬೇಡಬೇಕು. ಕರಾವಳಿಯ ಕೊಂಕಣಿ ಕುಟುಂಬಗಳಲ್ಲಿ ಇದಕ್ಕೆ ಬೆಸಾಂವ್ ಎನ್ನುತ್ತಾರೆ. ಬೆಳಿಗ್ಗೆಯಿಂದ ತಂದೆಯೊಡನೆ ಮುಖ ಗಂಟಿಕ್ಕಿಕೊಂಡಿದ್ದ ಅಣ್ಣನೂ ಆಗ ಅವರ ಮುಂದೆ ನಿಲ್ಲಲೇಬೇಕು. ಅವನ ತಲೆಯ ಮೇಲೆ ಅವರು ಕೈ ಇಡಲೇಬೇಕು. ಯಾರು ಯಾರಿಗೂ ಕ್ಷಮಾಪಣೆ ಕೇಳುತ್ತಿರಲಿಲ್ಲ. ಆದರೂ ಜಗಳ ಅಲ್ಲಿಗೆ ಮುಗಿಯುತ್ತಿದ್ದಿತು. ಶಾಲೆಯಲ್ಲಿ ಸುಳ್ಳು ಹೇಳಿ ಬಂದ ದಿನ ಆ ಕೈಯ ಕೆಳಗೆ ತಲೆ ಬಾಗಿಸುವುದು ಎಷ್ಟು ಕಷ್ಟವೆಂಬುದನ್ನು ನಾವೇ ಬಲ್ಲೆವು.

ಅದಾದ ಮೇಲೆ ತಾಯಿಯವರ ಸರದಿ. ನಮ್ಮ ಕುಟುಂಬದಲ್ಲಿ ತೀರಿಕೊಂಡವರ ಹೆಸರುಗಳನ್ನು ಅವರು ಒಂದೊಂದಾಗಿ ಹೇಳುವರು. ಪ್ರತಿಯೊಂದು ಹೆಸರಿಗೂ ನಾವು ಆತ್ಮಶಾಂತಿಯನ್ನು ಬೇಡಬೇಕು. ಇಪ್ಪತ್ತಕ್ಕೂ ಮೀರಿದ ಹೆಸರುಗಳು. ಬರೆದಿಟ್ಟ ಪಟ್ಟಿಯೇನೂ ಇರಲಿಲ್ಲ; ಅವರ ಅತ್ತೆಯವರ ಬಾಯಿಂದ ಅವರು ಕಲಿತದ್ದು. ಕೆಲವು ಹೆಸರುಗಳ ಮುಂದೆ ಅವರು ಸ್ವಲ್ಪ ನಿಲ್ಲುತ್ತಿದ್ದರು. ‘ಪ್ಲೇಗಿನ ವರ್ಷ ಹೋದವರು’, ‘ದೇವಾಲಯ ಕಟ್ಟುವಾಗ ಗಾಡಿಯಲ್ಲಿ ಕಲ್ಲು ಹೊಡೆದವರು’, ‘ಹೆರಿಗೆಯಲ್ಲಿ ಹೋದವಳು, ಮಗುವೂ ಉಳಿಯಲಿಲ್ಲ’ ಎಂದು ಒಂದು ಮಾತು ಸೇರಿಸುತ್ತಿದ್ದರು. ಊಟಕ್ಕೆ ಹೊತ್ತಾಯಿತೆಂಬ ಅವಸರದಲ್ಲಿ ನಾವು ಅದನ್ನು ಕೇಳಿಯೂ ಕೇಳದಂತೆ ಇರುತ್ತಿದ್ದೆವು. ಇಸ್ರಯೇಲರಿಗೆ ಮೋಶೆ ಕೊಟ್ಟ ಅಪ್ಪಣೆಯನ್ನು ಧರ್ಮೋಪದೇಶಕಾಂಡದಲ್ಲಿ ಓದಿದ್ದೀರಿ: ದೇವರ ಮಾತುಗಳನ್ನು ಮನೆಯಲ್ಲಿ ಕುಳಿತಾಗಲೂ ದಾರಿ ನಡೆಯುವಾಗಲೂ ಮಲಗುವಾಗಲೂ ಏಳುವಾಗಲೂ ಮಕ್ಕಳಿಗೆ ಹೇಳುತ್ತಿರಬೇಕೆಂಬ ಅಪ್ಪಣೆ. ಓದುಬರಹ ಅಷ್ಟಾಗಿ ತಿಳಿಯದ ನಮ್ಮ ತಾಯಿಯವರು ಅದನ್ನು ಅಡುಗೆಮನೆಯ ಹೊಸ್ತಿಲಲ್ಲಿ ಕುಳಿತು ನಡೆಸುತ್ತಿದ್ದರು.

1987ರಲ್ಲಿ ನಾವು ಕಂತಿನ ಮೇಲೆ ಒಂದು ಟೆಲಿವಿಷನ್ ಕೊಂಡು ತಂದೆವು. ಆ ವರ್ಷದ ಜನವರಿಯಲ್ಲಿ ರಾಮಾಯಣ ಧಾರಾವಾಹಿ ಆರಂಭವಾಗಿದ್ದಿತು. ಭಾನುವಾರ ಬೆಳಿಗ್ಗೆ ಒಂಬತ್ತೂವರೆಗೆ ದೇಶದ ಬೀದಿಗಳೆಲ್ಲ ಬರಿದಾಗುತ್ತಿದ್ದ ಕಾಲವದು. ನಮ್ಮ ಮಕ್ಕಳು ನೆರೆಮನೆಯ ಕಿಟಕಿಯಲ್ಲಿ ನೇತಾಡುವುದನ್ನು ನೋಡಲಾರದೆ ತಂದೆವು ಎಂಬುದು ನಾವು ಆಗ ಹೇಳಿಕೊಂಡ ಕಾರಣ. ನಮಗೂ ನೋಡುವ ಆಸೆ ಇದ್ದಿತೆಂಬುದು ನಿಜವಾದ ಕಾರಣ. ತಂದೆಯವರು ಅಷ್ಟರಲ್ಲಿ ತೀರಿಕೊಂಡಿದ್ದರು. ಜಪಸರ ನಡೆಸುವ ಹೊಣೆ ನಮ್ಮ ಮೇಲಿದ್ದಿತು. ನಾವು ಈ ಧರ್ಮಕೇಂದ್ರದಲ್ಲಿ ಮಕ್ಕಳಿಗೆ ಜ್ಞಾನೋಪದೇಶ ಕಲಿಸುತ್ತಿದ್ದವರೆಂಬುದನ್ನೂ ನೆನಪಿನಲ್ಲಿಡಿ.

ಜಪವನ್ನು ಬಿಟ್ಟುಬಿಡೋಣವೆಂದು ಯಾರೂ ಹೇಳಲಿಲ್ಲ. ಹಾಗೆ ಹೇಳಿದ್ದರೆ ಮನೆಯಲ್ಲಿ ದೊಡ್ಡ ಗಲಾಟೆಯಾಗುತ್ತಿದ್ದಿತು, ಬಹುಶಃ ನಾವು ಎಚ್ಚೆತ್ತುಕೊಳ್ಳುತ್ತಿದ್ದೆವು. ನಡೆದದ್ದೇ ಬೇರೆ. ಮೊದಲು ಜಪದ ಹೊತ್ತು ವಾರ್ತೆಯ ನಂತರಕ್ಕೆ ಹೋಯಿತು. ಆ ಹೊತ್ತಿಗೆ ಮಕ್ಕಳು ಅರೆನಿದ್ರೆಯಲ್ಲಿರುತ್ತಿದ್ದುದರಿಂದ ದೇವಮಾತೆಯ ಪ್ರಾರ್ಥನಾಮಾಲೆ ಬಿಟ್ಟುಹೋಯಿತು. ಬಳಿಕ ಐದು ರಹಸ್ಯಗಳು ಒಂದಾದವು. ಮಂಡಿಯೂರುವುದು ಹೋಗಿ ಕುರ್ಚಿ ಬಂದಿತು. ಆಶೀರ್ವಾದ ಬೇಡುವುದು ಪರೀಕ್ಷೆಯ ದಿನಕ್ಕೂ ಹುಟ್ಟಿದ ದಿನಕ್ಕೂ ಮೀಸಲಾಯಿತು. ಕೊನೆಗೆ ಮೃತರ ಹೆಸರುಗಳು. ಒಂದು ಸಂಜೆ ತಾಯಿಯವರು ಬಾಯಿ ತೆರೆಯುವಷ್ಟರಲ್ಲಿ ನಾವು, ‘ಇವತ್ತೊಂದು ದಿವಸ ಎಲ್ಲರಿಗೂ ಸೇರಿಸಿ ಒಂದೇ ಸಲ ಹೇಳಿಬಿಡೋಣ ಅವ್ವ, ಧಾರಾವಾಹಿ ಶುರುವಾಗಿಹೋಯ್ತು’ ಎಂದೆವು. ಆ ಒಂದು ದಿವಸ ಮುಗಿಯಲೇ ಇಲ್ಲ. ಸ್ವಲ್ಪ ದಿನಗಳ ಮೇಲೆ ಅವರು ನಗುತ್ತಲೇ ಹೇಳಿದರು: ‘ಸತ್ತೋರು ಕಾಯ್ತಾರೆ ಕಣಪ್ಪ, ಅವರಿಗೇನು ಅವಸರ. ಹೇಳೋಳು ನಾನು ಎಷ್ಟು ದಿವಸ ಇರ್ತೀನಿ?’ ನಾವೂ ನಕ್ಕೆವು. 1996ರಲ್ಲಿ ಅವರು ತೀರಿಕೊಂಡರು.

ಇನ್ನು ಜಾಗದ ಮಾತು. ಹಿಂದೆ ನಡುಮನೆಯ ಕುರ್ಚಿಗಳು ಪಟದ ಕಡೆಗೋ ಬಾಗಿಲಿನ ಕಡೆಗೋ ಮುಖ ಮಾಡಿರುತ್ತಿದ್ದವು, ಇಲ್ಲವೇ ಒಂದಕ್ಕೊಂದು ಎದುರಾಗಿರುತ್ತಿದ್ದವು. ಈಗ ಯಾರ ಮನೆಗಾದರೂ ಹೋಗಿ ನೋಡಿರಿ; ಕುರ್ಚಿಗಳೆಲ್ಲ ಒಂದೇ ಗೋಡೆಯನ್ನು ನೋಡುತ್ತಿರುತ್ತವೆ. ಪವಿತ್ರ ಹೃದಯದ ಪಟವನ್ನು ಗುರುಗಳಿಂದ ಆಶೀರ್ವದಿಸಿ ಪ್ರತಿಷ್ಠಾಪಿಸಿದ ಆ ಉತ್ತಮ ಜಾಗವನ್ನು ಎಷ್ಟೋ ಮನೆಗಳಲ್ಲಿ ಟೆಲಿವಿಷನ್ ಆಕ್ರಮಿಸಿ, ಪಟವು ಪಕ್ಕದ ಮೂಲೆಗೆ ಸರಿದಿದೆ. ನಾವೇ ನಮ್ಮ ಕೈಯಾರೆ ಮೊಳೆ ಕಿತ್ತು ಸರಿಸಿದ್ದೇವೆ. ಬೆಳಕಿನ ಪ್ರತಿಫಲನ ಬೀಳುತ್ತದೆಂದು ಕೆಂಪು ಬಲ್ಬನ್ನು ಆರಿಸಿದ್ದೂ ಉಂಟು.

ಇನ್ನೊಂದು ವಿಷಯವನ್ನು ನಾವು ಬಹಳ ತಡವಾಗಿ ಕಂಡುಕೊಂಡೆವು. 1980ರ ದಶಕದಲ್ಲಿ ಟೆಲಿವಿಷನ್ನಿಗೆ ಒಂದು ಮಿತಿ ಇದ್ದಿತು. ಆದರೆ ಅದು ನಾವು ಹಾಕಿದ ಮಿತಿಯಲ್ಲ. ಒಂದೇ ವಾಹಿನಿ. ಇಂತಿಷ್ಟು ಹೊತ್ತಿಗೆ ಆರಂಭ, ರಾತ್ರಿ ಇಂತಿಷ್ಟು ಹೊತ್ತಿಗೆ ಮುಕ್ತಾಯ. ಕಥೆ ಬಂದರೆ ವಾರಕ್ಕೊಮ್ಮೆ. ನಮ್ಮ ಪರವಾಗಿ ಬೇರೆ ಯಾರೋ ಬಾಗಿಲು ಮುಚ್ಚುತ್ತಿದ್ದರು. ಮುಚ್ಚುವ ಅಭ್ಯಾಸ ನಮಗಾಗಲಿಲ್ಲ. 1994ರಲ್ಲಿ ಉದಯ ಟಿವಿ ಬಂದಿತು, ಅದರ ಹಿಂದೆ ಇನ್ನೂ ಹಲವು ವಾಹಿನಿಗಳು ಬಂದವು. ಹಗಲೂ ರಾತ್ರಿಯೂ ಪ್ರಸಾರ. ಸೋಮವಾರದಿಂದ ಶುಕ್ರವಾರದವರೆಗೆ ಪ್ರತಿ ಸಂಜೆಯೂ ಕಥೆ. ಪ್ರತಿ ಸಂಜೆಯೂ ಅದು ಬಾಗಿಲು ತಟ್ಟುವ ಸದ್ದಿಗೋ ಜಾರಿ ಬೀಳುವ ಪತ್ರಕ್ಕೋ ನಿಂತುಹೋಗಿ ನಾಳೆಗೆ ನಮ್ಮನ್ನು ಕಟ್ಟಿಹಾಕುವುದು. ಹೊರಗಿನ ಮಿತಿ ಹೋದಾಗ ಒಳಗಿನ ಮಿತಿ ನಮ್ಮಲ್ಲಿ ಇರಲೇ ಇಲ್ಲ.

ಇಷ್ಟೆಲ್ಲ ಹೇಳಿದಾಗ ನಮ್ಮ ಸಹೋದರರು ತಲೆಯಾಡಿಸಿ, ‘ನಿಜ, ನಿಜ, ಈ ಹೆಂಗಸರ ಧಾರಾವಾಹಿಗಳಿಂದಲೇ ಮನೆ ಹಾಳಾದದ್ದು’ ಎನ್ನುವುದನ್ನು ಕೇಳಿದ್ದೇವೆ. ಸ್ವಲ್ಪ ತಾಳಿರಿ. ಮುಂಜಾನೆ ಐದಕ್ಕೆ ಎದ್ದು, ತಿಂಡಿ ಬುತ್ತಿ ಮಾಡಿ, ಕೆಲಸಕ್ಕೂ ಹೋಗಿ ಬಂದು, ಮತ್ತೆ ಒಲೆಯ ಮುಂದೆ ನಿಂತ ತಾಯಿ ರಾತ್ರಿ ಅರ್ಧ ಗಂಟೆ ಕಾಲು ಚಾಚಿ ಕುಳಿತರೆ ಅದನ್ನು ಪಾಪವೆನ್ನುವ ಧೈರ್ಯ ನಮಗಿಲ್ಲ. 1983ರಲ್ಲಿ ನಮ್ಮ ತಂಡ ವಿಶ್ವಕಪ್ ಗೆದ್ದಂದಿನಿಂದ ಇಂದಿನವರೆಗೆ ಕ್ರಿಕೆಟ್ಟಿಗಾಗಿ ಎಷ್ಟು ಗಂಡಸರು ಎಷ್ಟು ಜಪಸರಗಳನ್ನು ನುಂಗಿದ್ದಾರೆಂಬ ಲೆಕ್ಕವನ್ನು ಯಾರೂ ಇಟ್ಟಿಲ್ಲ. ಹಾಗೆಯೇ, ಮಕ್ಕಳು ದೂರದ ಊರುಗಳಲ್ಲಿ ನೆಲೆಸಿ, ಮನೆಯಲ್ಲಿ ಒಬ್ಬರೇ ಉಳಿದ ಮುದುಕರಿಗೆ ಆ ಪೆಟ್ಟಿಗೆಯ ಧ್ವನಿಯೇ ಮನುಷ್ಯರ ಧ್ವನಿ. ಅವರ ಟೆಲಿವಿಷನ್ನನ್ನು ಆರಿಸುವ ಮೊದಲು ನಾವು ಅವರ ಮನೆಗೆ ಹೋಗಿ ಕುಳಿತುಕೊಳ್ಳುವುದನ್ನು ಕಲಿಯಬೇಕು.

ಮಕ್ಕಳಿಗೆ ಬುದ್ಧಿ ಹೇಳುವ ಮೊದಲು ಹಿರಿಯರು ತಮ್ಮ ಕೈಯನ್ನು ಬಿಗಿಹಿಡಿಯಬೇಕು. ಜಗದ್ಗುರು ಎರಡನೆಯ ಜಾನ್ ಪಾಲ್‌ರವರು 1994ರ ವಿಶ್ವ ಸಂಪರ್ಕ ದಿನದ ಸಂದೇಶವನ್ನು ಟೆಲಿವಿಷನ್ ಮತ್ತು ಕುಟುಂಬದ ವಿಷಯಕ್ಕೇ ಮೀಸಲಿಟ್ಟರು. ಮಕ್ಕಳನ್ನು ಸುಮ್ಮನಿರಿಸಲು ದಿನವೂ ಪೆಟ್ಟಿಗೆಯ ಮುಂದೆ ಕೂರಿಸುವ ತಂದೆತಾಯಿಗಳು ಮೊದಲ ಶಿಕ್ಷಕರೆಂಬ ತಮ್ಮ ಸ್ಥಾನವನ್ನೇ ಬಿಟ್ಟುಕೊಡುತ್ತಾರೆಂದೂ, ಕೆಲವು ವೇಳೆ ಸುಮ್ಮನೆ ಅದನ್ನು ಆರಿಸಿಬಿಡಬೇಕೆಂದೂ ಅವರು ಸ್ಪಷ್ಟವಾಗಿ ಹೇಳಿದ್ದಾರೆ. 2025ರಲ್ಲಿ ದೈವಾಧೀನರಾದ ಜಗದ್ಗುರು ಫ್ರಾನ್ಸಿಸ್‌ರವರು 1990ರ ಜುಲೈ 15ರಂದು ಕಾರ್ಮೆಲ್ ಮಾತೆಗೆ ಹರಕೆ ಹೊತ್ತು ಅಂದಿನಿಂದ ಟೆಲಿವಿಷನ್ ನೋಡುವುದನ್ನೇ ಬಿಟ್ಟಿದ್ದಾಗಿ 2015ರಲ್ಲಿ ಪತ್ರಿಕೆಯೊಂದಕ್ಕೆ ತಿಳಿಸಿದರು. ಫುಟ್ಬಾಲ್ ಎಂದರೆ ಪ್ರಾಣ ಬಿಡುತ್ತಿದ್ದ ಅವರಿಗೆ ತಮ್ಮ ಪ್ರೀತಿಯ ತಂಡ ಗೆದ್ದಿತೋ ಸೋತಿತೋ ಎಂಬುದನ್ನು ವ್ಯಾಟಿಕನ್ನಿನ ಕಾವಲುಗಾರನೊಬ್ಬ ತಿಳಿಸುತ್ತಿದ್ದನಂತೆ! ಅಂತಹ ಹರಕೆಯನ್ನು ನಾವು ಯಾರಿಗೂ ಹೇಳುವುದಿಲ್ಲ. ನಮ್ಮಿಂದಲೇ ಅದು ಸಾಧ್ಯವಾಗಿಲ್ಲ.

‘ಈಗ ಟೆಲಿವಿಷನ್ನಿನ ಮಾತೇಕೆ? ಎಲ್ಲರ ಕೈಯಲ್ಲೂ ಮೊಬೈಲು ಬಂದಿದೆಯಲ್ಲ’ ಎಂದು ಯುವಕರು ಕೇಳಬಹುದು. ಕೇಳತಕ್ಕದ್ದೇ. ಟೆಲಿವಿಷನ್ ನಮ್ಮನ್ನು ಕನಿಷ್ಠ ಒಂದು ಕೋಣೆಯಲ್ಲಿ ಕೂರಿಸಿದ್ದಿತು. ಒಂದೇ ಹಾಸ್ಯಕ್ಕೆ ಎಲ್ಲರೂ ನಗುತ್ತಿದ್ದೆವು. ಮೊಬೈಲು ಒಬ್ಬೊಬ್ಬರನ್ನು ಒಂದೊಂದು ಮೂಲೆಗೆ ಕಳುಹಿಸಿತು. 2016ರ ತಮ್ಮ ಪ್ರೇಷಿತ ಪತ್ರದಲ್ಲಿ ಜಗದ್ಗುರು ಫ್ರಾನ್ಸಿಸ್‌ರವರು ಊಟದ ಮೇಜಿನ ಸುತ್ತ ಪ್ರತಿಯೊಬ್ಬರೂ ತಮ್ಮ ತಮ್ಮ ಫೋನಿನಲ್ಲಿ ಮುಳುಗಿರುವ ಕುಟುಂಬವನ್ನು ಚಿತ್ರಿಸಿದ್ದು ನಮ್ಮ ಮನೆಯನ್ನು ನೋಡಿಯೇ ಇರಬೇಕೆನಿಸಿತು. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಒಂದು ವರ್ಷದ ಶಿಶುಗಳವರೆಗೆ ಪರದೆಯೇ ಬೇಡವೆಂದೂ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆಗೆ ಮೀರಬಾರದೆಂದೂ ಸಲಹೆ ಮಾಡಿದೆ. ಆದರೆ ತುತ್ತು ನುಂಗಲೆಂದು ಕೂಸಿನ ಕೈಗೆ ಮೊಬೈಲು ಕೊಡುವ ಇಂದಿನ ತಾಯಿ, ತಾನು ಕೂಸಾಗಿದ್ದಾಗ ಟೆಲಿವಿಷನ್ನಿನ ಮುಂದೆ ತುತ್ತು ತಿಂದವಳು. ತಿನ್ನಿಸಿದವರು ನಾವು. ಆದುದರಿಂದ ಟೆಲಿವಿಷನ್ನಿನ ಮಾತನ್ನು ಮೊದಲು ಮುಗಿಸದೆ ಮೊಬೈಲಿನ ಮಾತಿಗೆ ಹೋಗುವ ಅಧಿಕಾರ ನಮ್ಮ ತಲೆಮಾರಿಗಿಲ್ಲ.

ಐರ್ಲೆಂಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಗುರುಗಳಾದ ಫಾದರ್ ಪ್ಯಾಟ್ರಿಕ್ ಪೇಟನ್‌ರವರು 1942ರಲ್ಲಿ ಕುಟುಂಬ ಜಪಸರದ ಚಳವಳಿಯನ್ನು ಆರಂಭಿಸಿದಾಗ, ಅದಕ್ಕಾಗಿ ರೇಡಿಯೋವನ್ನೂ ಚಲನಚಿತ್ರವನ್ನೂ ಟೆಲಿವಿಷನ್ನನ್ನೂ ಹಿಂಜರಿಯದೆ ಬಳಸಿದರು. ಯಂತ್ರವು ಜಪಕ್ಕೆ ಕರೆಯಲೂಬಹುದು ಎಂಬುದಕ್ಕೆ ಅವರು ಸಾಕ್ಷಿ. ಕರೆದ ಮೇಲೆ ಅದನ್ನು ಆರಿಸಿ ಮಂಡಿಯೂರಬೇಕಾದವರು ಮನೆಯವರು, ಅಷ್ಟೇ.

ನಮ್ಮ ಮನೆಯಲ್ಲಿ ಈಗ ಏನು ಮಾಡಿದ್ದೇವೆಂದು ಕೇಳುವಿರಿ. ದೊಡ್ಡ ಸಾಧನೆಯೇನೂ ಇಲ್ಲ. ಮೂರು ವರ್ಷಗಳ ಹಿಂದೆ ತಪಸ್ಸು ಕಾಲದಲ್ಲಿ ನಲವತ್ತು ದಿನ ಟೆಲಿವಿಷನ್ ಬೇಡವೆಂದು ನಿಶ್ಚಯಿಸಿದೆವು. ಒಂಬತ್ತನೆಯ ದಿನಕ್ಕೆ ಸೋತೆವು. ಸೋಲಿಸಿದವರು ಮಕ್ಕಳಲ್ಲ, ವಾರ್ತೆ ನೋಡಲೇಬೇಕೆಂದು ಹಟ ಹಿಡಿದ ನಾವೇ. ಮರುವರ್ಷ ಹಾಗೆ ಮಾಡಲಿಲ್ಲ. ಪೆಟ್ಟಿಗೆಯನ್ನು ನಡುಮನೆಯಿಂದ ಪಕ್ಕದ ಕೋಣೆಗೆ ಸಾಗಿಸಿದೆವು. ಆ ಕೋಣೆ ಚಿಕ್ಕದು, ಅಲ್ಲಿ ಮೂವರಿಗಿಂತ ಹೆಚ್ಚು ಜನ ಕುಳಿತುಕೊಳ್ಳಲಾಗದು. ನೋಡಬೇಕಾದವರು ಎದ್ದು ಹೋಗಬೇಕು. ಎದ್ದು ಹೋಗಬೇಕೆಂದಾಗ ಅರ್ಧದಷ್ಟು ನೋಡುವುದು ತಾನಾಗಿಯೇ ನಿಂತಿತು. ಪಟವು ತ‌ನ್ನ ಹಳೆಯ ಮೊಳೆಗೆ ಮರಳಿತು. ಏಳೂವರೆಯಿಂದ ಊಟ ಮುಗಿಯುವವರೆಗೆ ಯಾವ ಪರದೆಯೂ ಬೆಳಗಬಾರದೆಂದು ಗೊತ್ತುಮಾಡಿದ್ದೇವೆ. ಮೊಬೈಲುಗಳನ್ನು ಒಂದು ಬೆತ್ತದ ಬುಟ್ಟಿಯಲ್ಲಿ ಹಾಕುತ್ತೇವೆ. ಕ್ರಿಕೆಟ್ ಪಂದ್ಯದ ದಿನಗಳಲ್ಲಿ ಈ ನಿಯಮ ಮುರಿದದ್ದುಂಟು. ಮೊದಲ ಕೆಲವು ವಾರ ಏನು ಮಾತನಾಡಬೇಕೆಂದು ಯಾರಿಗೂ ತೋಚಲಿಲ್ಲ. 1964ರಲ್ಲಿ ಜಗದ್ಗುರು ಆರನೆಯ ಪಾಲ್‌ರವರು ನಜರೇತಿಗೆ ಯಾತ್ರೆ ಹೋದಾಗ, ಆ ಪವಿತ್ರ ಕುಟುಂಬದಿಂದ ಕಲಿಯಬೇಕಾದ ಮೊದಲ ಪಾಠ ಮೌನವೆಂದು ಹೇಳಿದ್ದರು. ನಮ್ಮ ಮನೆಯ ಆ ಮೌನವೋ ಬಸ್ಸಿಗಾಗಿ ಕಾಯುವವರ ಮೌನದಂತಿದ್ದಿತು. ಅದನ್ನು ಸಹಿಸಿಕೊಂಡೆವು. ಆಮೇಲೆ ಮಾತು ತಾನಾಗಿ ಬಂದಿತು.

ಈಗ ನಾವು ಮೊದಲೇ ಹೇಳಿದ ತಪ್ಪಿನ ಉಳಿದ ಭಾಗ. ಈ ಶತಮಾನೋತ್ಸವದ ಸ್ಮರಣ ಸಂಚಿಕೆಗಾಗಿ, ನೂರು ವರ್ಷಗಳ ಹಿಂದೆ ಈ ದೇವಾಲಯವನ್ನು ಕಟ್ಟಲು ದುಡಿದ ಕುಟುಂಬಗಳ ಹಿರಿಯರ ಹೆಸರುಗಳನ್ನು ಬರೆದುಕೊಡಬೇಕೆಂದು ಸಂಪಾದಕ ಸಮಿತಿಯ ಹುಡುಗರು ಕಳೆದ ವರ್ಷ ನಮ್ಮ ಮನೆಗೆ ಬಂದರು. ಗಾಡಿಯಲ್ಲಿ ಕಲ್ಲು ಹೊಡೆದವರು ನಮ್ಮ ಮನೆತನದಲ್ಲಿದ್ದರೆಂದು ನಾವು ಹೆಮ್ಮೆಯಿಂದ ಹೇಳಿದೆವು. ‘ಅವರ ಹೆಸರೇನು ಸರ್?’ ಎಂದು ಅವರು ಪೆನ್ನು ತೆರೆದರು. ನಮ್ಮ ಬಾಯಿಂದ ಹೆಸರು ಹೊರಡಲಿಲ್ಲ. ಸಾವಿರಾರು ಸಂಜೆ ನಮ್ಮ ತಾಯಿಯವರು ಆ ಹೆಸರನ್ನು ಹೇಳಿದ್ದರು. ಆ ಧಾರಾವಾಹಿಯಲ್ಲಿನ ಪಾತ್ರಗಳ ಹೆಸರುಗಳು ಮಾತ್ರ ನಮಗೆ ಇಂದಿಗೂ ನೆನಪಿವೆ. ಸಂಚಿಕೆಯ ಪುಟದಲ್ಲಿ ನಮ್ಮ ಮನೆತನದ ಮುಂದೆ ‘ಹೆಸರು ತಿಳಿದುಬಂದಿಲ್ಲ’ ಎಂದು ಅಚ್ಚಾಗಿರುವುದನ್ನು ನೀವು ಕಾಣುವಿರಿ.

ಅಂದಿನಿಂದ ವಿಚಾರಣಾ ಗುರುಗಳ ಅನುಮತಿ ಪಡೆದು ಜ್ಞಾನಸ್ನಾನ, ವಿವಾಹ, ಮರಣಗಳ ಹಳೆಯ ದಾಖಲೆ ಪುಸ್ತಕಗಳನ್ನು ವಾರಕ್ಕೊಂದು ದಿನ ಕುಳಿತು ಓದುತ್ತಿದ್ದೇವೆ. ಶಾಯಿ ಮಾಸಿದೆ, ಕೆಲವು ಪುಟಗಳಲ್ಲಿ ಗೆದ್ದಲಿನ ತೂತುಗಳಿವೆ. ಇದುವರೆಗೆ ಹನ್ನೊಂದು ಹೆಸರುಗಳು ದೊರೆತಿವೆ. ಒಂದು ನೋಟುಪುಸ್ತಕದಲ್ಲಿ ಅವುಗಳನ್ನು ಬರೆದುಕೊಂಡು ಪ್ರತಿ ಸಂಜೆ ಜಪಸರ ಮುಗಿದ ಮೇಲೆ ಓದುತ್ತೇವೆ. ಎಂಟು ವರ್ಷದ ನಮ್ಮ ಮೊಮ್ಮಗಳು ಒಂದೊಂದು ಹೆಸರಿಗೂ ನಿಲ್ಲಿಸಿ, ‘ಇವರು ಏನು ಮಾಡ್ತಿದ್ರು ತಾತ?’ ಎಂದು ಕೇಳುತ್ತಾಳೆ. ಇಬ್ಬರ ವಿಷಯ ಹೇಳಬಲ್ಲೆವು. ಉಳಿದವರ ವಿಷಯ ಗೊತ್ತಿಲ್ಲ ಮಗಳೇ ಎನ್ನುತ್ತೇವೆ. ಈ ಸಭೆಯಲ್ಲಿರುವ ಎಂಬತ್ತು ದಾಟಿದ ಹಿರಿಯರಲ್ಲಿ ಯಾರಿಗಾದರೂ ನಮ್ಮ ತಾಯಿಯವರ ಬಾಯಿಂದ ಆ ಗಾಡಿಯವರ ಹೆಸರನ್ನು ಕೇಳಿದ ನೆನಪಿದ್ದರೆ, ಪೂಜೆಯಾದ ಮೇಲೆ ದಯವಿಟ್ಟು ನಮಗೆ ತಿಳಿಸಬೇಕು. ನಾವು ದೇವಾಲಯದ ಬಾಗಿಲಿನ ಬಳಿಯೇ ನಿಂತಿರುತ್ತೇವೆ.